ಧ್ವನಿಸಹಿತ ಗೃಹಚಲಚ್ಚಿತ್ರಗಳ ಪ್ರತಿಕರಣ: ಒಂದು ಆಕರವಿಚಾರ

ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ತಮ್ಮ ಆಸ್ತಿಯನ್ನು ವಿದ್ಯಾಭಿವೃದ್ಧಿಗೆಂದು ಮೀಸಲಿಟ್ಟ ಸಂಗತಿಯು ಅವರ ಮೃತ್ಯುಪತ್ರದಿಂದ ವಿದಿತವಾಗುತ್ತದೆ. ಅವರ ಮಾತಿನ ಧಾಟಿ ಎಂತಿತ್ತೆಂಬುದನ್ನು ಮಾತ್ರ ಆ ಪತ್ರವು ಹೇಳಲಾರದು. ಇತ್ತೀಚಿನ ಕಾಲವನ್ನು ಅಭ್ಯಸಿಸುವವರಿಗೆ ಈ ಕೊರತೆ ಅಷ್ಟಾಗಿ ಇರಬೇಕಾದುದಿಲ್ಲ. 1973ರಲ್ಲಿ ಕೊಡಾಕ್ ಸಂಸ್ಥೆಯು ಸೂಪರ್ 8 ಫಿಲ್ಮಿನ ಅಂಚಿಗೆ ಕಾಂತಪಟ್ಟಿಯನ್ನು ಲೇಪಿಸಿ, ಗೃಹಸ್ಥನ ಕೈಯ ಕ್ಯಾಮರಾವೇ ಚಿತ್ರದೊಡನೆ ಧ್ವನಿಯನ್ನೂ ಹಿಡಿಯುವಂತೆ ಮಾಡಿತು. ಸಿರಸಂಗಿಯ ಕಾಳಮ್ಮನ ಜಾತ್ರೆಯನ್ನು ಹೀಗೆ ಚಿತ್ರಿಸಿದ ಸುರುಳಿಯೊಂದು ಯಾವುದೋ ಮನೆಯ ಪೆಟ್ಟಿಗೆಯಲ್ಲಿ ದೊರೆಯಿತೆಂದು ಭಾವಿಸೋಣ. ಅದನ್ನು ಡಿಜಿಟಲ್ ರೂಪಕ್ಕೆ ತರುವಾಗ ಇತಿಹಾಸಕಾರನು ಗಮನಿಸಬೇಕಾದುದೇನು?

ಇಂಥ ಫಿಲ್ಮಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮರಾದಲ್ಲಿ ಓಡಿದ ಸುರುಳಿಯೇ ಪರದೆಗೂ ಬರುವಂಥದು. ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿಯೇ ನಮಗೆ ಉಳಿದಿಲ್ಲವೆಂದ ಮೇಲೆ, ಒಂದೇ ಪ್ರತಿಯ ಗೃಹಚಿತ್ರದ ಗತಿಯನ್ನು ಊಹಿಸಬಹುದು.

ಮುಖ್ಯವಾದ ತೊಡಕು ಬೇರೆಯೇ ಇದೆ. ಸೂಪರ್ 8ರಲ್ಲಿ ಧ್ವನಿಯು ತನ್ನ ಚಿತ್ರದ ಪಕ್ಕದಲ್ಲಿರದೆ 18 ಚೌಕಟ್ಟುಗಳಷ್ಟು ಮುಂದಿರುತ್ತದೆ. ಸೆಕೆಂಡಿಗೆ 18 ಚೌಕಟ್ಟುಗಳ ವೇಗದಲ್ಲಿ ಇದು ಸರಿಯಾಗಿ ಒಂದು ಸೆಕೆಂಡು. ಮನೆಯವರು ಬೇಡವಾದ ಭಾಗವನ್ನು ಕತ್ತರಿಸಿ ತುಂಡುಗಳನ್ನು ಅಂಟಿಸಿದ್ದರೆ, ಹೊಸ ದೃಶ್ಯದ ಮೊದಲ ಸೆಕೆಂಡಿನ ಮಾತು ಕತ್ತರಿಸಿದ ತುಂಡಿನೊಡನೆಯೇ ಹೋಗಿರುತ್ತದೆ. ಆ ಅವಧಿಯಲ್ಲಿ ಹಿಂದಿನ ದೃಶ್ಯದ ಧ್ವನಿ ಕೇಳಿಬರುತ್ತದೆ. ಗುಡಿಯ ಬಾಗಿಲಲ್ಲಿ ನಿಂತ ಮುದುಕಿಯ ಬಾಯಿಂದ ಮಿಠಾಯಿಯವನ ಕೂಗು ಹೊರಟರೆ ನಗಬಹುದು. ಆದರೆ ಇಬ್ಬರು ಹಿರಿಯರ ನಡುವಣ ವಾದದಲ್ಲಿ ಒಬ್ಬನ ಮಾತು ಮತ್ತೊಬ್ಬನಿಗೆ ಸಂದರೆ ಸಾಕ್ಷ್ಯವೇ ಕೆಡುತ್ತದೆ. ಪ್ರತಿ ಮಾಡುವವನು ಇದನ್ನು ದೋಷವೆಂದು ಬಗೆದು ಒರೆಸಿಬಿಟ್ಟರೆ, ಅಲ್ಲಿ ಕತ್ತರಿಯಾಡಿತ್ತೆಂಬ ಕುರುಹೂ ಅಳಿಯುತ್ತದೆ. ತ್ರುಟಿತ ಶಾಸನದ ಅಕ್ಷರಗಳನ್ನು ಕಂಸವಿಲ್ಲದೆ ತುಂಬುವುದಕ್ಕೂ ಇದಕ್ಕೂ ಭೇದವನ್ನು ನಾವು ಕಾಣೆವು.

ವೇಗದ ವಿಷಯವೂ ಅಲ್ಪವಲ್ಲ. 18ರ ವೇಗದ ಸುರುಳಿಯನ್ನು 24ರ ವೇಗದಲ್ಲಿ ಓಡಿಸಿದರೆ ನಡೆ ಮೂರನೆಯ ಒಂದು ಪಾಲು ಚುರುಕಾಗುವುದಲ್ಲದೆ ಕಂಠವೂ ಏರಿ, ವಯಸ್ಸಾದವರ ಮಾತು ಹುಡುಗರದೆಂಬಂತೆ ಕೇಳುತ್ತದೆ.

ಆದುದರಿಂದ ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿಯೂ ಧ್ವನಿಯನ್ನು ಪ್ರತ್ಯೇಕವಾಗಿಯೂ ಗ್ರಹಿಸಿ, ಹೊಂದಿಸುವ ಮೊದಲಿನ ಎರಡು ಪ್ರತಿಗಳನ್ನೂ ಇರಿಸಿಕೊಳ್ಳತಕ್ಕುದು. ಮೂಲ ಸುರುಳಿಯನ್ನು ಎಸೆಯಕೂಡದು. ಒಣಗಿದ ತಂಪಾದ ಎಡೆಯಲ್ಲಿಡಬೇಕು. ಡಬ್ಬಿಯನ್ನು ತೆರೆದಾಗ ಹುಳಿನೀರಿನ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಶಿಥಿಲವಾಗತೊಡಗಿದೆಯೆಂದರ್ಥ. ಕಾಂತಪಟ್ಟಿಯಲ್ಲಿನ ಕಬ್ಬಿಣದ ಅಂಶವು ಈ ಕ್ಷಯವನ್ನು ತೀವ್ರಗೊಳಿಸುತ್ತದೆ. ಧ್ವನಿಯನ್ನು ಹೊತ್ತ ಪಟ್ಟಿಯೇ ಚಿತ್ರಕ್ಕೆ ಮೃತ್ಯುವಾಗುವುದು ವಿಚಿತ್ರವಾದರೂ ನಿಜ. ಕುಗ್ಗಿದ ಸುರುಳಿಯನ್ನು ಹಳೆಯ ಪ್ರೊಜೆಕ್ಟರಿಗೆ ಏರಿಸಿದರೆ ಹಲ್ಲುಗಳು ಅದರ ರಂಧ್ರಗಳನ್ನು ಹರಿಯುವುವು.

ಪ್ರತಿ ಸಿದ್ಧವಾದೊಡನೆ ಊರ ಹಿರಿಯರನ್ನು ಕೂರಿಸಿ ಕೇಳಿಸಿ, ಯಾವ ಧ್ವನಿ ಯಾರದೆಂಬುದನ್ನು ಬರೆದುಕೊಳ್ಳಬೇಕು. ಈ ಕೆಲಸವನ್ನು ಮುಂದಿನ ಜಾತ್ರೆಗೆಂದು ತಳ್ಳುವಂತಿಲ್ಲ.