ಲಂಬಾಣಿಗರು: ಎತ್ತಿನ ಹೇರಿನಿಂದ ತಾಂಡಾಕ್ಕೆ

ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳ ಹೇರುಗಳನ್ನು ಹೊರಿಸಿ, ದಖ್ಖಣದ ಒಳನಾಡಿಗೂ ಮೊಗಲರ ಸೇನಾಶಿಬಿರಗಳಿಗೂ ನಡೆದು, ತಮಗೊಂದು ಊರಿಲ್ಲದೆಯೂ ಊರೂರಿಗೆ ಬೇಕಾದವರಾಗಿದ್ದ ಲಂಬಾಣಿಗರ ಸಂಚಾರಜೀವನವು, ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನತ್ತ ರೈಲುಹಾದಿ ತೆರೆದ ಆ ಕಾಲದಲ್ಲಿ ಕ್ರಮೇಣ ಕ್ಷೀಣಿಸಿ, ಚಿಂಚೋಳಿಯ ಕಾಡಂಚಿನಲ್ಲಿಯೂ ಚಿತ್ತಾಪುರ, ಸೇಡಂ ಸೀಮೆಯ ಬಯಲುಗಳಲ್ಲಿಯೂ ತಾಂಡಾಗಳೆಂಬ ವಸತಿಗಳಾಗಿ ನೆಲೆನಿಂತಿತು.

ಎದುರಿನ ಫೇಟಿಯಾ ಲಂಗವನ್ನು ಸಮೀಪದಿಂದ ನೋಡಿರಿ: ಕೆಂಪು ಅರಿವೆಯ ಮೇಲೆ ಉಗುರಗಲದ ಕನ್ನಡಿಚೂರುಗಳನ್ನಿರಿಸಿ, ಅಂಚನ್ನು ದಾರದಿಂದ ಸುತ್ತಿ ಬಿಗಿದು, ನಡುನಡುವೆ ಕವಡೆಗಳನ್ನು ಹೊಲಿದಿರುವ ಆ ಕಸೂತಿಯಲ್ಲಿ ತಿಂಗಳುಗಟ್ಟಲೆಯ ತಾಳ್ಮೆಯಿದೆ. ಇಂತಹದನ್ನು ನಿತ್ಯವೂ ಉಡುವವರು ಈಗ ಬಹುಮಟ್ಟಿಗೆ ವೃದ್ಧೆಯರೇ. ತರುಣಿಯರು ಹಬ್ಬಕ್ಕೂ ಮದುವೆಗೂ ಮೀಸಲಿಡುವರು. ಆದರೂ ಶ್ರಾವಣದ ತೀಜ್ ಹಬ್ಬಕ್ಕೆ ಕನ್ಯೆಯರು ಬುಟ್ಟಿಗಳಲ್ಲಿ ಗೋದಿಯ ಸಸಿ ಬೆಳೆಸುವುದು ನಿಂತಿಲ್ಲ. ಸ್ವಂತ ಲಿಪಿಯಿಲ್ಲದ ಲಂಬಾಣಿಗರ ನುಡಿ ಗೋರ್‌ಬೋಲಿಯೂ ಮನೆಯ ಮಾತಾಗಿ ಉಳಿದಿದೆ.

ಸುಗ್ಗಿ ತೀರಿದ ಮೇಲೆ ಕೂಲಿಯನ್ನರಸಿ ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳುಂಟು. ಹಳೆಯ ಸಂಚಾರದ ಸ್ವಾತಂತ್ರ್ಯವು ಈ ಗುಳೆಯಲ್ಲಿಲ್ಲವೆಂಬುದನ್ನು ಮರೆಮಾಚಲಾಗದು. ಇತ್ತ ತಾಂಡಾಗಳಲ್ಲಿನ ನೆಲೆಯ ಹಕ್ಕಿನ ಮಾತಿಗೆ ಬಂದರೆ, ೨೦೨೩ರ ಜನವರಿ ೧೯ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ, ಕಂದಾಯ ಗ್ರಾಮಗಳೆಂದು ಘೋಷಿತವಾದ ಐದು ಜಿಲ್ಲೆಗಳ ತಾಂಡಾಗಳ ೫೦,೦೦೦ಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.