ಹೆಗ್ಗಣವೂ ಮುದ್ದಾಗಬೇಕಿತ್ತು

ನನ್ನ ವಯಸ್ಸಿನ ಹೆಂಗಸರಿಗೆ ಸಂಸಾರದ ಕಥೆಗಳಷ್ಟೇ ಹಿಡಿಸುತ್ತವೆ ಎಂದು ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನಗಾದರೋ ವೈಜ್ಞಾನಿಕ ಕಥೆಗಳ, ಸಿನಿಮಾಗಳ ಹುಚ್ಚು. ಅನ್ಯಗ್ರಹದಿಂದ ಬಂದವರು, ಯೋಚನೆ ಮಾಡುವ ಯಂತ್ರಗಳು, ಕಾಲವನ್ನು ದಾಟಿ ಹೋಗುವವರು, ಇವರ ಸಹವಾಸದಲ್ಲಿ ಉತ್ತರಪತ್ರಿಕೆ ತಿದ್ದಿದ ದಣಿವೆಲ್ಲ ಮರೆತು ಹೋಗುತ್ತದೆ. "ಇದು ಗಂಡುಹುಡುಗರ ಗೀಳಲ್ಲವೇ ಮೇಡಂ, ನಿಮಗೇಕೆ?" ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಈ ಬಗೆಯ ಮೊದಲ ಕಾದಂಬರಿ ಎಂದು ಅನೇಕ ವಿಮರ್ಶಕರು ಒಪ್ಪಿರುವ 'ಫ್ರಾಂಕೆನ್‌ಸ್ಟೈನ್' ಬರೆದವಳು ಒಬ್ಬ ಹೆಣ್ಣುಮಗಳು. ಬರೆಯಲು ತೊಡಗಿದಾಗ ಅವಳ ವಯಸ್ಸು 18. ಮಡಿಲಲ್ಲಿ ಹಸುಗೂಸು. ಅಷ್ಟೇ ಅಲ್ಲ, ಆ ಕಥೆ ಮೇಲುನೋಟಕ್ಕೆ ರಾಕ್ಷಸನದ್ದಾದರೂ ಒಳಗೆ ಸಂಸಾರದ ಕಥೆಯೇ.

ಅವಳ ಹೆಸರು ಮೇರಿ. 1797ರ ಆಗಸ್ಟ್ 30ರಂದು ಲಂಡನ್ನಿನಲ್ಲಿ ಹುಟ್ಟಿದಳು. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, 1792ರಷ್ಟು ಹಿಂದೆಯೇ ಹೆಣ್ಣಿನ ಹಕ್ಕುಗಳ ಪರವಾಗಿ ಪುಸ್ತಕ ಬರೆದ ದಿಟ್ಟೆ. ಆ ತಾಯಿ ಮಗಳನ್ನು ಹೆತ್ತ ಹನ್ನೊಂದು ದಿನಕ್ಕೆ ಬಾಣಂತಿ ನಂಜಿನಿಂದ ತೀರಿಕೊಂಡಳು. ಮಗಳು ತಾಯಿಯನ್ನು ಕಂಡದ್ದು ಪಟದಲ್ಲಿ, ಪುಸ್ತಕದಲ್ಲಿ ಮತ್ತು ಗೋರಿಯ ಕಲ್ಲಿನಲ್ಲಿ. 16ನೆಯ ವಯಸ್ಸಿನಲ್ಲಿ ಅವಳು, ಅದಾಗಲೇ ಮದುವೆಯಾಗಿದ್ದ ಕವಿ ಪರ್ಸಿ ಶೆಲ್ಲಿಯ ಜೊತೆ ಮನೆ ಬಿಟ್ಟು ಹೋದಳು. 1815ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮೊದಲ ಹೆಣ್ಣುಕೂಸು ಕೆಲವೇ ದಿನ ಬದುಕಿತು. ಸತ್ತ ಮಗುವಿಗೆ ಬರೀ ಚಳಿಯಾಗಿತ್ತು, ಬೆಂಕಿಯ ಮುಂದೆ ಹಿಡಿದು ತಿಕ್ಕಿದೆವು, ಅದಕ್ಕೆ ಜೀವ ಬಂತು ಎಂದು ಕನಸು ಕಂಡುದನ್ನು ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮಗುವನ್ನು ಕಳೆದುಕೊಂಡ ಯಾವ ತಾಯಿಗೆ ಇಂಥ ಕನಸು ಬಿದ್ದಿರಲಿಕ್ಕಿಲ್ಲ?

ಅದೇ 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಬೂದಿ, ಗಂಧಕದ ಹೊಗೆ ಆಕಾಶಕ್ಕೆ ಮುಸುಕು ಹಾಕಿ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಜೂನ್ ತಿಂಗಳಲ್ಲಿ ಮೇರಿ, ಶೆಲ್ಲಿ ಮತ್ತು ಕವಿ ಬೈರನ್ ಜಿನೀವಾ ಸರೋವರದ ದಂಡೆಯಲ್ಲಿದ್ದರು. ಹೊರಗೆ ಬಿಡದ ಮಳೆ. ಹೊತ್ತು ಹೋಗಲೆಂದು ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ ಬೈರನ್. ಮಾತಿನ ನಡುವೆ ಆ ಕಾಲದ ವಿಜ್ಞಾನವೂ ಬರುತ್ತಿತ್ತು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಮಿಡಿಯುವುದನ್ನು ಇಟಲಿಯ ಗ್ಯಾಲ್ವಾನಿ ತೋರಿಸಿದ್ದ. ಅವನ ಸೋದರಳಿಯ ಆಲ್ದೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಅಪರಾಧಿಯ ಶವಕ್ಕೆ ವಿದ್ಯುತ್ ಹರಿಸಿ ಅದರ ದವಡೆಯನ್ನು ಅದುರಿಸಿದ್ದ. ಹಾಗಾದರೆ ಹೆಣ್ಣಿನ ಹಂಗಿಲ್ಲದೆ ಗಂಡಸೊಬ್ಬ ಪ್ರಯೋಗಶಾಲೆಯಲ್ಲಿ ಜೀವವನ್ನು ಹುಟ್ಟಿಸಬಹುದೇ? ಹುಟ್ಟಿಸಿದ ಮೇಲೆ ಏನಾದೀತು?

ಮೇರಿಯ ಕಾದಂಬರಿಯಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿ ಹೆಣಗಳ ಭಾಗಗಳನ್ನು ಜೋಡಿಸಿ ಒಂದು ದೇಹವನ್ನು ಮಾಡುತ್ತಾನೆ. ನವೆಂಬರಿನ ಒಂದು ರಾತ್ರಿ ಅದು ಕಣ್ಣು ತೆರೆಯುತ್ತದೆ. ಆಗ ಅವನು ಮಾಡುವುದೇನು? ಅದರ ಕುರೂಪ ನೋಡಲಾರದೆ ಮಲಗುವ ಕೋಣೆಗೆ ಓಡುತ್ತಾನೆ! ಆ ಜೀವಿ ಹಿಂದೆಯೇ ಬಂದು, ಹಾಸಿಗೆಯ ಪರದೆ ಸರಿಸಿ, ಏನೋ ತೊದಲಿ, ನಕ್ಕು, ಕೈ ಚಾಚುತ್ತದೆ. ಹೆತ್ತವನು ಅಲ್ಲಿಂದಲೂ ಓಡಿಹೋಗುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ ನಾವು, ಸ್ವಲ್ಪ ಹಾಸ್ಯವಾಗಿಯೇ. ಆದರೆ ಆ ಗಾದೆಯ ಮೇಲೆಯೇ ಲೋಕ ನಿಂತಿದೆ. ತೊದಲುತ್ತ ಕೈ ಚಾಚಿದ ಕೂಸನ್ನು, ಅದು ಹೇಗೇ ಇರಲಿ, ಎತ್ತಿಕೊಳ್ಳುವವರು ಇದ್ದಾರೆಂದೇ ಮನುಷ್ಯ ಮನುಷ್ಯನಾಗುತ್ತಾನೆ. ಮೇರಿಯ ಕಥೆಯ ದುರಂತವೆಲ್ಲ ಈ ಒಂದು ರಾತ್ರಿಯಿಂದಲೇ ಹುಟ್ಟಿದ್ದು.

ಆ ಜೀವಿ ಹುಟ್ಟಿನಿಂದ ಕೆಟ್ಟದ್ದಲ್ಲ. ಅದು ಒಂದು ಬಡ ಕುಟುಂಬದ ಮನೆಗೆ ತಾಗಿದ ಗೂಡಿನಲ್ಲಿ ಅಡಗಿ, ರಾತ್ರಿ ಹೊತ್ತು ಅವರಿಗೆ ಕಾಣದಂತೆ ಸೌದೆ ತಂದು ಹಾಕುತ್ತದೆ, ಬಾಗಿಲ ಮುಂದಿನ ಹಿಮ ಗುಡಿಸುತ್ತದೆ. ಆ ಮನೆಗೆ ಬಂದ ಪರದೇಶದ ಹುಡುಗಿಗೆ ಪಾಠ ಹೇಳುವುದನ್ನು ಗೋಡೆಯ ಸಂದಿನಲ್ಲಿ ನೋಡಿ ತಾನೂ ಮಾತು, ಓದು ಕಲಿಯುತ್ತದೆ. ಮಿಲ್ಟನ್, ಪ್ಲೂಟಾರ್ಕ್, ಗಯಟೆಯನ್ನು ಓದುತ್ತದೆ! ಶಾಲೆಗೆ ಸೇರಿಸಿಕೊಳ್ಳದ ಮಗು ಕಿಟಕಿಯ ಹೊರಗೆ ನಿಂತು ಕಲಿತ ಹಾಗೆ. ಆದರೆ ಅದರ ಮುಖ ಕಂಡ ದಿನ ಆ ಮನೆಯವರು ಹೊಡೆದು ಅಟ್ಟುತ್ತಾರೆ. ಹೊಳೆಗೆ ಬಿದ್ದ ಹುಡುಗಿಯನ್ನು ಎತ್ತಿ ಬದುಕಿಸಿದರೆ ಸಿಗುವ ಬಹುಮಾನ ಬಂದೂಕಿನ ಗುಂಡು. ಅಲ್ಲಿಂದ ಮುಂದೆ ಅದು ಕೊಲೆಗಾರನಾಗುತ್ತದೆ. ಮೇರಿ ಆ ಕೊಲೆಗಳನ್ನು ಮನ್ನಿಸುವುದಿಲ್ಲ. ಆದರೆ ಹುಟ್ಟಿಸಿದವನನ್ನೂ ಬಿಡುವುದಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಚಪ್ಪಟೆ ನೆತ್ತಿ, ಕತ್ತಿನ ಎರಡು ಬದಿಗೆ ಬೋಲ್ಟು, ಭಾರವಾದ ಹೆಜ್ಜೆ. ಫ್ರಾಂಕೆನ್‌ಸ್ಟೈನ್ ಎಂದೊಡನೆ ನಮಗೆ ಕಾಣುವ ಈ ರೂಪ 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಹಾಲಿವುಡ್ ಚಿತ್ರದ್ದು. ಬೋರಿಸ್ ಕಾರ್ಲಾಫ್‌ನ ಅಭಿನಯಕ್ಕೆ ನಾನು ಇಂದಿಗೂ ಮನಸೋಲುತ್ತೇನೆ. ಮೇಲಿನಿಂದ ಬಿದ್ದ ಬೆಳಕನ್ನು ಹಿಡಿಯಲು ಅವನು ಕೈ ಎತ್ತುವ ದೃಶ್ಯ ನೋಡಿದರೆ ಕರುಳು ಚುರ್ರೆನ್ನುತ್ತದೆ. ಆದರೂ ಆ ಚಿತ್ರದ ಮೇಲೆ ನನ್ನ ಜಗಳ ತೀರಿಲ್ಲ. ಕಾದಂಬರಿಯಲ್ಲಿಲ್ಲದ ಒಬ್ಬ ಸಹಾಯಕನನ್ನು ಅಲ್ಲಿ ತಂದಿದ್ದಾರೆ. ಅವನು ಒಳ್ಳೆಯ ಮಿದುಳಿನ ಜಾಡಿಯನ್ನು ಬೀಳಿಸಿ ಒಡೆದು, ಅಪರಾಧಿಯೊಬ್ಬನ ಮಿದುಳನ್ನು ಕದ್ದು ತರುತ್ತಾನೆ. ಅಲ್ಲಿಗೆ ಮುಗಿಯಿತು! ಮಿದುಳೇ ಕೆಟ್ಟದ್ದಾದರೆ ಹುಟ್ಟಿಸಿದವನದೇನು ತಪ್ಪು? ಮೇರಿಯ ಜೀವಿ ಓದುತ್ತದೆ, ವಾದಿಸುತ್ತದೆ. ಚಿತ್ರದ ಜೀವಿ ಬರೀ ಗೊರಗುಟ್ಟುತ್ತದೆ. ಕಾದಂಬರಿಯಲ್ಲಿ ಅದು ಮುಳುಗುವ ಹುಡುಗಿಯನ್ನು ಉಳಿಸಿದರೆ, ಚಿತ್ರದಲ್ಲಿ ಹೂವಿನ ಹಾಗೆ ತೇಲುತ್ತಾಳೆಂದು ನಂಬಿ ಪುಟ್ಟ ಹುಡುಗಿಯನ್ನು ಕೆರೆಗೆ ಎಸೆಯುತ್ತದೆ.

ಆ ಕೆಟ್ಟ ಮಿದುಳಿನ ಜಾಡಿ ಹಾಲಿವುಡ್ಡಿನಲ್ಲಿ ಮಾತ್ರ ಇಲ್ಲ. ನಮ್ಮ ಶಾಲೆಗಳಲ್ಲೂ ಇದೆ. "ಅವನ ತಲೆಯೇ ಅಷ್ಟು", "ತಲೆಯಲ್ಲಿ ಮಣ್ಣು ತುಂಬಿದೆ", "ಅದು ಹುಟ್ಟುಗುಣ" ಎಂದು ಹೇಳಿಬಿಟ್ಟರೆ ಪಾಠ ಹೇಳುವವರ ಹೊಣೆ ಅಲ್ಲಿಗೇ ತೀರಿತು. ಮನೆಗಳಲ್ಲಿ ಇದರ ಇನ್ನೊಂದು ರೂಪ. ಮಾರ್ಕ್ಸ್ ಕಾರ್ಡು ಚೆನ್ನಾಗಿದ್ದರೆ ಅಪ್ಪ ಸಹಿ ಹಾಕುತ್ತ "ನನ್ನ ಮಗ" ಎನ್ನುತ್ತಾರೆ. ಕೆಂಪು ಗೆರೆ ಕಂಡರೆ "ನೋಡು ನಿನ್ನ ಮಗನ್ನ". ಹಿಂದಿನ ಬೆಂಚಿನಲ್ಲಿ ಕುಳಿತ ಮಕ್ಕಳನ್ನು ಇಷ್ಟು ವರ್ಷ ಕಂಡವಳು ನಾನು. ಯಾರೂ ನನ್ನವನು ಎನ್ನದ ಮಗುವಿನ ಕಣ್ಣು ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೇ ನನ್ನ ಮತ ಮೇರಿಗೆ, ಹಾಲಿವುಡ್ಡಿಗಲ್ಲ.

ಮೇರಿಯ ಪ್ರಶ್ನೆಯನ್ನು ಸಿನಿಮಾ ಪೂರ್ತಿ ಮರೆತಿತೆಂದೂ ಹೇಳಲಾರೆ. ಇಂಗ್ಲೆಂಡಿನ ಲೇಖಕ ಬ್ರಯಾನ್ ಆಲ್ಡಿಸ್ 1973ರಲ್ಲಿ ವೈಜ್ಞಾನಿಕ ಕಥೆಗಳ ಚರಿತ್ರೆ ಬರೆದು, ಈ ಪರಂಪರೆ ಶುರುವಾದದ್ದೇ 'ಫ್ರಾಂಕೆನ್‌ಸ್ಟೈನ್'ನಿಂದ ಎಂದು ವಾದಿಸಿದ. ಅವನೇ 1969ರಲ್ಲಿ ಬರೆದಿದ್ದ ಸಣ್ಣಕಥೆಯೊಂದರಿಂದ ಹುಟ್ಟಿದ್ದು 2001ರ ಸ್ಪೀಲ್‌ಬರ್ಗ್ ಚಿತ್ರ 'ಎ.ಐ.' ಅದರಲ್ಲಿ ಅಮ್ಮನನ್ನು ಪ್ರೀತಿಸಲೆಂದೇ ತಯಾರಾದ ಯಂತ್ರಬಾಲಕನೊಬ್ಬನಿದ್ದಾನೆ. ಸ್ವಂತ ಮಗ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಮೇಲೆ ತೊಡಕು ಬೆಳೆದು, ಆ ತಾಯಿ ಇವನನ್ನು ಕಾಡಿನಲ್ಲಿ ಬಿಟ್ಟು ಬರುತ್ತಾಳೆ. ಪ್ರೀತಿಸುವಂತೆ ಮಾಡಿದವರಿಗೆ ಮರಳಿ ಪ್ರೀತಿಸುವ ಹೊಣೆ ಇಲ್ಲವೇ ಎಂದು ಚಿತ್ರ ನೇರವಾಗಿಯೇ ಕೇಳುತ್ತದೆ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ, 2010ರಲ್ಲಿ ಬಂದ ಶಂಕರ್ ನಿರ್ದೇಶನದ ತಮಿಳು ಚಿತ್ರ 'ಎಂದಿರನ್' ಇದೆ. ವಿಜ್ಞಾನಿಯಾಗಿಯೂ ಅವನ ರೋಬೋ ಚಿಟ್ಟಿಯಾಗಿಯೂ ರಜನೀಕಾಂತ್ ನಟಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೇಳಿದಂತೆ ಕೇಳದ ಚಿಟ್ಟಿಯನ್ನು ಮಾಡಿದವನೇ ತುಂಡು ತುಂಡು ಮಾಡಿ ಕಸಕ್ಕೆ ಎಸೆಯುತ್ತಾನೆ. ಅಲ್ಲಿಯವರೆಗೆ ಅದು ಮೇರಿಯ ಕಥೆಯೇ. ಆಮೇಲೆ ಖಳನಾಯಕನೊಬ್ಬ ಕೆಂಪು ಚಿಪ್ ಸೇರಿಸಿದಾಗ ಚಿಟ್ಟಿ ರಾಕ್ಷಸನಾಗುತ್ತಾನೆ. ನೋಡಿ, 1931ರ ಕೆಟ್ಟ ಮಿದುಳಿನ ಜಾಡಿ 79 ವರ್ಷದ ಮೇಲೆ ಚಿಪ್ಪಿನ ವೇಷದಲ್ಲಿ ಬಂತು! ಕಸಕ್ಕೆ ಎಸೆದದ್ದನ್ನು ಪ್ರೇಕ್ಷಕರು ಮರೆತರು. ಚಿಪ್ ಮಾತ್ರ ನೆನಪಿನಲ್ಲಿ ಉಳಿಯಿತು.

ಕೊನೆಗೆ ಹೆಸರಿನ ಮಾತು. 1818ರ ಜನವರಿ 1ರಂದು ಕಾದಂಬರಿ ಪ್ರಕಟವಾದಾಗ ಅಚ್ಚಾದದ್ದು 500 ಪ್ರತಿ. ಬರೆದವಳ ಹೆಸರೇ ಅದರಲ್ಲಿರಲಿಲ್ಲ. ಬರೆದವನು ಶೆಲ್ಲಿ ಎಂದುಕೊಂಡೇ ಸರ್ ವಾಲ್ಟರ್ ಸ್ಕಾಟ್ ವಿಮರ್ಶೆ ಬರೆದ. ಮೇರಿಯ ಹೆಸರು ಪುಸ್ತಕದ ಮೇಲೆ ಬಂದದ್ದು 1823ರ ಎರಡನೆಯ ಮುದ್ರಣದಲ್ಲಿ. 1931ರ ಚಿತ್ರದ ಶೀರ್ಷಿಕೆಯಲ್ಲಿಯೂ ಅವಳು 'ಶ್ರೀಮತಿ ಪರ್ಸಿ ಬಿ. ಶೆಲ್ಲಿ'. ಹೆಸರಿಗೆ ಗಂಡನದ್ದೇ ಹೊದಿಕೆ. ಅವಳ ಜೀವಿಗೆ ಆ ಭಾಗ್ಯವೂ ಇಲ್ಲ. ಕಾದಂಬರಿಯಲ್ಲಿ ಅದಕ್ಕೆ ಹೆಸರೇ ಇಲ್ಲ. 1823ರಲ್ಲಿ ಲಂಡನ್ನಿನಲ್ಲಿ ನಾಟಕವಾದಾಗ ಪಾತ್ರಗಳ ಪಟ್ಟಿಯಲ್ಲಿ ಆ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು. ಸಿನಿಮಾದ ಆರಂಭದಲ್ಲಿ ನಟನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಆದರೆ ಜನ ಏನು ಮಾಡಿದರು ನೋಡಿ. ಎರಡು ಶತಮಾನದಿಂದ ಆ ಜೀವಿಯನ್ನೇ ಫ್ರಾಂಕೆನ್‌ಸ್ಟೈನ್ ಎಂದು ಕರೆಯುತ್ತ ಬಂದಿದ್ದಾರೆ. ಅದು ತಪ್ಪು, ಆ ಹೆಸರು ಮಾಡಿದವನದು ಎಂದು ಪಂಡಿತರು ತಿದ್ದುತ್ತಲೇ ಇದ್ದಾರೆ. ನಾನು ತಿದ್ದುವುದಿಲ್ಲ. ಮಗುವಿಗೆ ಅಪ್ಪನ ಹೆಸರು ಸೇರುವುದು ಲೋಕರೂಢಿ. ಹುಟ್ಟಿಸಿದವನು ಕೊಡದೆ ಓಡಿಹೋದ ಹೆಸರನ್ನು, ಯಾರೂ ಹೇಳಿಕೊಡದಿದ್ದರೂ, ಜನರೇ ಆ ಅನಾಥನಿಗೆ ಕೊಟ್ಟಿದ್ದಾರೆ.