ಟಸ್ಕೀಗಿಯ ಎರಡು ಕಥೆಗಳು

ಅಮೆರಿಕದ ಕಪ್ಪು ಜನ ಡಾಕ್ಟರು, ಲಸಿಕೆ ಅಂದ್ರೆ ಹಿಂಜರಿದಾಗ "ಬರೀ ಅಜ್ಞಾನ" ಅಂದುಬಿಡೋರುಂಟು. ಅಲಬಾಮಾದ ಟಸ್ಕೀಗಿ ಅನ್ನೋ ಪುಟ್ಟ ಊರಿನ ಚರಿತ್ರೆ ಓದಿದ ಮೇಲೆ ನನಗಂತೂ ಹಾಗನ್ನಿಸಲ್ಲ.

ಗುಲಾಮಗಿರಿಯಲ್ಲೇ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1915ರಲ್ಲಿ ಇಲ್ಲಿಂದಲೇ 'ನೀಗ್ರೋ ಆರೋಗ್ಯ ಸಪ್ತಾಹ' ಶುರುಮಾಡಿದರು (ಆಗಿನ ಹೆಸರೇ ಅದು). ಮನೆ, ಅಂಗಳ ಚೊಕ್ಕ ಮಾಡೋದು, ಚರ್ಚು, ಶಾಲೆಗಳಲ್ಲಿ ರೋಗಗಳ ಬಗ್ಗೆ ತಿಳಿಹೇಳೋದು... ಕಪ್ಪು ಜನರೇ ಹುಟ್ಟುಹಾಕಿದ ಈ ಸಪ್ತಾಹ 1951ರ ತನಕ ನಡೆಯಿತು.

1932ರಲ್ಲಿ ಸರ್ಕಾರದ ಆರೋಗ್ಯ ಇಲಾಖೆ ಅದೇ ಊರಿಗೆ ಬಂತು. ಸುಮಾರು 600 ಬಡ ಕಪ್ಪು ಗಂಡಸರನ್ನು ಆರಿಸಿತು. 399 ಮಂದಿಗೆ ಸಿಫಿಲಿಸ್. 'ಕೆಟ್ಟ ರಕ್ತ'ಕ್ಕೆ ಚಿಕಿತ್ಸೆ ಅಂತ ನಂಬಿಸಿ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದರೂ ಕೊಡಲಿಲ್ಲ. ನಮ್ಮ ಸಾಫ್ಟ್‌ವೇರಿನವರ ಮಾತಲ್ಲಿ, ಪ್ಯಾಚ್ ಕೈಯಲ್ಲಿದ್ದೂ ಹಾಕದೆ ಲಾಗ್ ಬರೆದುಕೊಂಡ ಹಾಗೆ. ಆದರೆ ಇಲ್ಲಿ ಸತ್ತದ್ದು ಮನುಷ್ಯರು. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಮೇಲಷ್ಟೇ ಅದು ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ!

ಹೀಗೆ ಕಳೆದುಹೋದ ನಂಬಿಕೆ ಮತ್ತೆ ಸಿಗುತ್ತಾ? 2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸಿನ ಅಧ್ಯಯನ ನೋಡಿ. 52 ಕ್ಷೌರದಂಗಡಿ, ಬಿ.ಪಿ. ಇದ್ದ 319 ಕಪ್ಪು ಗಂಡಸರು. ಅರ್ಧದಷ್ಟು ಕಡೆ ಕ್ಷೌರಿಕರು "ಡಾಕ್ಟರ ಹತ್ರ ಹೋಗಿ" ಅಂತ ಹೇಳಿದರು. ಉಳಿದ ಕಡೆ ಫಾರ್ಮಸಿಸ್ಟರೇ ಅಂಗಡಿಗೆ ಬಂದು ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೇಲಿನ ಬಿ.ಪಿ. ಸರಾಸರಿ ಇಳಿದದ್ದು ಮೊದಲನೆಯವರಿಗೆ 9, ಎರಡನೆಯವರಿಗೆ 27!

ಕುತ್ತಿಗೆಗೆ ಕತ್ತಿ ಇಡಲು ಬಿಡುವಷ್ಟು ನಂಬಿಕೆ ಇರೋ ಜಾಗಕ್ಕೆ ಔಷಧಿಯೇ ನಡೆದು ಬಂದರೆ ಯಾರು ಬೇಡ ಅಂತಾರೆ, ಹೇಳಿ?